ಸಿಡಿ4 ಒಂದನ್ನೇ ನೋಡಿದರೆ ಸಾಲದು

ನಮಸ್ಕಾರ. ರೋಗ ತಡೆಯುವ ಬಿಳಿ ರಕ್ತಕಣಗಳನ್ನು ಅವುಗಳ ಮೈಮೇಲಿನ ಗುರುತು (ಸಿಡಿ3, ಸಿಡಿ4 ಹೀಗೆ ನಂಬರು ಕೊಟ್ಟ ಪ್ರೋಟೀನುಗಳು) ನೋಡಿ ಹೇಗೆ ಪತ್ತೆ ಮಾಡುತ್ತಾರೆ ಅಂತ ನೀವು ಬರೆದದ್ದನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಕನ್ನಡದಲ್ಲಿ ಬರಲೇಬೇಕಾದ ವಿಷಯ ಇದು.

ಮೊದಲು ತಪ್ಪಿನ ಮಾತು. ‘ಸಿಡಿ4 ಇದ್ದರೆ ಸಹಾಯಕ ಟಿ ಕೋಶ, ಸಿಡಿ8 ಇದ್ದರೆ ಕೊಲ್ಲುವ ಟಿ ಕೋಶ’ ಅಂದಿದ್ದೀರಿ (ಟಿ ಕೋಶ ಅಂದರೆ ಬಿಳಿ ರಕ್ತಕಣದ ಒಂದು ಬಗೆ). ಅಷ್ಟು ಸುಲಭವಿಲ್ಲ. ಮೊನೊಸೈಟ್ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಮೇಲೂ ಸ್ವಲ್ಪ ಸಿಡಿ4 ಇರುತ್ತದೆ. ಎನ್‌ಕೆ (ನ್ಯಾಚುರಲ್ ಕಿಲ್ಲರ್) ಅನ್ನುವ ಮತ್ತೊಂದು ಬಗೆಯ ಕೋಶಗಳಲ್ಲಿ ಕೆಲವಕ್ಕೆ ಸಿಡಿ8 ಇರುತ್ತದೆ. ಅದಕ್ಕೇ ಲ್ಯಾಬಿನವರು ಸಿಡಿ3 ಇದೆಯಾ ಅಂತ ಮೊದಲು ನೋಡುತ್ತಾರೆ. ಇದ್ದರೆ ಟಿ ಕೋಶ; ಆಮೇಲೆ 4, 8ರ ಮಾತು. ಸಿಡಿ3 ಇಲ್ಲ, ಸಿಡಿ56 ಇದೆ ಅಂದರೆ ಎನ್‌ಕೆ. ಸಿಡಿ3, ಸಿಡಿ56 ಎರಡೂ ಇರುವ ಟಿ ಕೋಶಗಳೂ ಉಂಟು! ಯಾವುದು ಇದೆ ಅನ್ನುವಷ್ಟೇ ಯಾವುದು ಇಲ್ಲ ಅನ್ನುವುದೂ ಮುಖ್ಯ. ಲೇಖನದ ಜೀವ ಇಲ್ಲಿದೆ, ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಇಪ್ಪತ್ತು ಸಿಡಿ ನಂಬರುಗಳ ಪಟ್ಟಿ ತೆಗೆಯಿರಿ, ನಾಲ್ಕೈದು ಸಾಕು. ಸೈನಿಕ, ಕೋಟೆ, ಶತ್ರು ಅನ್ನುವ ಹೋಲಿಕೆಗಳೂ ಬೇಡ. ಶಾಲೆಯಿಂದ ಕೇಳುತ್ತಲೇ ಬಂದಿದ್ದೇವೆ, ಅಲ್ವಾ?

ಲ್ಯಾಬಿನ ಪ್ಯಾರಾ ನನಗೆ ತುಂಬ ಹಿಡಿಸಿತು. ನೇರಳೆ ಮುಚ್ಚಳದ ಟ್ಯೂಬು, ಬಣ್ಣ ಅಂಟಿಸಿದ ಆಂಟಿಬಾಡಿ (ಗುರುತಿಗೆ ಹೋಗಿ ಅಂಟುವ ಪ್ರೋಟೀನು) ಹಾಕಿ ಕತ್ತಲಲ್ಲಿ ಇಡುವುದು, ಕೋಶಗಳು ಒಂದರ ಹಿಂದೆ ಒಂದು ಲೇಸರ್ ಮುಂದೆ ಹಾಯುವುದು, ಪರದೆಯ ಮೇಲೆ ಚುಕ್ಕೆಗಳು ಗುಂಪುಗೂಡುವುದು. ಅಲ್ಲಿಂದಲೇ ಶುರು ಮಾಡಿ. ಕತ್ತಲು ಯಾಕೆ ಅಂತ ಮಾತ್ರ ಹೇಳಿಲ್ಲ. ಬೆಳಕು ಬಿದ್ದರೆ ಆ ಬಣ್ಣ ಮಂಕಾಗುತ್ತದೆ, ಅದನ್ನು ಸೇರಿಸಿ.

ಇತಿಹಾಸಕ್ಕೆ ಎರಡು ಸಾಲು ಸಾಕು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಅನ್ನುವ ವಿಜ್ಞಾನಿಗಳು ಒಂದೇ ಗುರುತಿಗೆ ಅಂಟುವ ಆಂಟಿಬಾಡಿ ಮಾಡುವ ದಾರಿ ತೋರಿಸಿದರು. ಆಮೇಲೆ ಒಂದೇ ಗುರುತನ್ನು ಬೇರೆ ಬೇರೆ ಲ್ಯಾಬಿನವರು ಬೇರೆ ಬೇರೆ ಹೆಸರಿಂದ ಕರೆಯತೊಡಗಿದರು. 1982ರಲ್ಲಿ ಪ್ಯಾರಿಸ್‌ನಲ್ಲಿ ಸೇರಿ ಸಿಡಿ ನಂಬರು ಕೊಡಲು ಶುರು ಮಾಡಿದರು.

ಇನ್ನೊಂದು ಮಾತು. ಇದೆಲ್ಲ ಯಾರಿಗೆ ಬೇಕು ಅನ್ನುವುದೇ ನಿಮ್ಮ ಬರಹದಲ್ಲಿಲ್ಲ. ಎಚ್‌ಐವಿ ಇರುವವರು ‘ನನ್ನ ಸಿಡಿ4 ಎಷ್ಟು ಬಂತು?’ ಅಂತ ಕೇಳುತ್ತಾರೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಿಡಿ4 ಇರುವ ಟಿ ಕೋಶಗಳು 200ಕ್ಕಿಂತ ಕೆಳಗಿಳಿದರೆ ಡಾಕ್ಟರು ಜಾಸ್ತಿ ಎಚ್ಚರ ವಹಿಸುತ್ತಾರೆ. ರಿಪೋರ್ಟಿನ ಆ ನಂಬರು ಎಲ್ಲಿಂದ ಬಂತು ಅಂತ ಅವರಿಗೆ ತಿಳಿಯುವ ಹಾಗೆ ಬರೆಯಿರಿ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.