ಹಿಮನದಿ ಸರೋವರಕ್ಕೆ ಹೊರಟಿದ್ದೀರಾ? ಮೊದಲು ತಾರೀಖು ಹೇಳಿ

ಕೆನಡಾದ ರಾಕಿ ಪರ್ವತಗಳಲ್ಲಿರುವ ಬ್ಯಾನ್ಫ್, ಯೋಹೋ ರಾಷ್ಟ್ರೀಯ ಉದ್ಯಾನಗಳ ಬಗ್ಗೆ ಈ ಸಲ ಪ್ರಶ್ನೆಗಳು ಜಾಸ್ತಿ ಬಂದಿವೆ. ಅಲ್ಲಿರುವ ಮಕ್ಕಳ ಮನೆಗೆ ಹೊರಟವರೇ ಹೆಚ್ಚು. ಸುಮಾರು ಜನ ಕೇಳಿರುವುದು ಒಂದೇ: ಯಾವ ಸರೋವರ ಚೆನ್ನಾಗಿದೆ? ಅದನ್ನು ಆಮೇಲೆ ನೋಡೋಣ. ಯಾವ ತಾರೀಖಿಗೆ ಹೋಗುತ್ತಿದ್ದೀರಿ, ಅದನ್ನು ಮೊದಲು ಹೇಳಿ. ನೀರಿನ ಬಣ್ಣ, ದಾರಿಯ ಮೇಲಿನ ಹಿಮ, ಕರಡಿ, ಬಸ್ಸು, ಎಲ್ಲವೂ ತಾರೀಖಿನ ಮೇಲೇ ನಿಂತಿವೆ.

ಪ್ರಶ್ನೆ: ಜುಲೈ ಮೊದಲ ವಾರ ಕ್ಯಾಲ್ಗರಿಯಲ್ಲಿರುತ್ತೇವೆ. ಮಗನ ಕಾರಿನಲ್ಲಿ ಲೇಕ್ ಲೂಯಿಸ್, ಮೊರೇನ್ ಲೇಕ್ ಎರಡನ್ನೂ ಒಂದೇ ದಿನ ನೋಡಬಹುದೇ?

ಒಂದೇ ದಿನ ನೋಡಬಹುದು. ಆದರೆ ಪೂರ್ತಿ ಕಾರಿನಲ್ಲಿ ಆಗುವುದಿಲ್ಲ. 2023ರಿಂದ ಮೊರೇನ್ ಲೇಕ್ ರಸ್ತೆಗೆ ಖಾಸಗಿ ಕಾರು ಬಿಡುತ್ತಿಲ್ಲ. ಅಂಗವಿಕಲರ ಪಾರ್ಕಿಂಗ್ ಪರವಾನಗಿ ಇರುವ ವಾಹನಕ್ಕೆ ಮಾತ್ರ ವಿನಾಯಿತಿ. ಉಳಿದವರು ಬಸ್ಸಿನಲ್ಲಿ ಹೋಗಬೇಕು, ಇಲ್ಲವೇ ಸೈಕಲ್ ತುಳಿಯಬೇಕು. ಲೇಕ್ ಲೂಯಿಸ್ ದಂಡೆಯವರೆಗೆ ಕಾರು ಹೋಗುತ್ತದೆ ನಿಜ, ಆದರೆ ಜುಲೈ-ಆಗಸ್ಟ್‌ನಲ್ಲಿ ಅಲ್ಲಿನ ಪಾರ್ಕಿಂಗ್ ಬೆಳಗಾಗುವ ಹೊತ್ತಿಗೇ ತುಂಬಿಬಿಡುತ್ತದೆ.

ಸುಲಭದ ದಾರಿ ಅಂದರೆ ಈ ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ಶಟಲ್ ಬಸ್ಸು. ಲೇಕ್ ಲೂಯಿಸ್ ಸ್ಕೀ ರೆಸಾರ್ಟ್‌ನ ದೊಡ್ಡ ಮೈದಾನದಲ್ಲಿ ಕಾರು ನಿಲ್ಲಿಸಿ ಬಸ್ಸು ಹತ್ತಬೇಕು. ಒಂದು ಟಿಕೆಟ್ ಇದ್ದರೆ ಎರಡು ಸರೋವರಗಳ ನಡುವೆ ಓಡುವ ಬಸ್ಸಿನಲ್ಲೂ ಕೂರಬಹುದು. ಉದ್ಯಾನದ ಪ್ರವೇಶ ಪಾಸ್ ಬೇರೆ, ಬಸ್ ಟಿಕೆಟ್ ಬೇರೆ. ಇದನ್ನು ಗೊಂದಲ ಮಾಡಿಕೊಂಡು ಗೇಟಿನಲ್ಲಿ ಪರದಾಡುವವರನ್ನು ಬೇಕಾದಷ್ಟು ನೋಡಿದ್ದೇನೆ.

ಟಿಕೆಟ್ ಸಿಗಲಿಲ್ಲ ಅಂತ ಬರೆದವರೂ ಇದ್ದಾರೆ. ಈಚಿನ ವರ್ಷಗಳಲ್ಲಿ ಒಂದು ಪಾಲು ಸೀಟುಗಳನ್ನು ವಸಂತಕಾಲದಲ್ಲೇ ಬಿಡುತ್ತಾರೆ. ಅವು ಬೇಗ ಖಾಲಿಯಾಗುತ್ತವೆ. ಆದರೆ ದೊಡ್ಡ ಪಾಲನ್ನು, ಅಂದರೆ ಶೇ 60ರಷ್ಟನ್ನು, ಪ್ರಯಾಣಕ್ಕೆ ಎರಡು ದಿನ ಮುಂಚೆ ಅಲ್ಲಿನ ಬೆಳಗ್ಗೆ 8 ಗಂಟೆಗೆ ಬಿಡುತ್ತಾರೆ. ನೀವಿನ್ನೂ ಊರಲ್ಲೇ ಇದ್ದರೆ ಇಲ್ಲಿನ ಗಡಿಯಾರದಲ್ಲಿ ಅದು ಸಂಜೆ 7.30. ಹತ್ತು ನಿಮಿಷ ಮೊದಲೇ ಲಾಗಿನ್ ಆಗಿ ಕಾಯಿರಿ. ಹೋಗುವ ಸಮಯ ಮಾತ್ರ ನಿಗದಿ, ವಾಪಸ್ ಬರಲು ಸಿಕ್ಕ ಬಸ್ಸು ಹತ್ತಬಹುದು. ಹಾಗಾಗಿ ಅಲ್ಲಿ ಹೋದ ಮೇಲೆ ಗಡಿಬಿಡಿ ಬೇಡ.

ಮೊರೇನ್‌ಗೆ ಸೂರ್ಯೋದಯಕ್ಕೇ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ಆ ಹೊತ್ತಿಗೆ ಶಿಖರಗಳ ಮೇಲೆ ಬಿಸಿಲು ಬೀಳುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಸರಿ. ಆದರೆ ನೀರು ಇನ್ನೂ ನೆರಳಲ್ಲೇ ಇರುತ್ತದೆ. ನಿಮಗೆ ಬೇಕಿರುವುದು ಆ ನೀಲಿ ಬಣ್ಣ ಅಲ್ವಾ? ಹಾಗಾದರೆ ಹತ್ತು-ಹನ್ನೊಂದು ಗಂಟೆಗೆ ಹೋದರೂ ನಷ್ಟವಿಲ್ಲ.

ಪ್ರಶ್ನೆ: ಹೋದ ವರ್ಷ ಮೇ ಕೊನೆಯಲ್ಲಿ ಹೋಗಿದ್ದೆವು. ಲೇಕ್ ಲೂಯಿಸ್ ಬಿಳಿಯ ಮೈದಾನದ ಹಾಗಿತ್ತು. ಫೋಟೋಗಳಲ್ಲಿ ಕಾಣುವ ಬಣ್ಣ ನಿಜವೋ, ಕಂಪ್ಯೂಟರಿನಲ್ಲಿ ಹಚ್ಚಿದ್ದೋ?

ನಿಜವೇ. ನೀವು ಹೋಗಿದ್ದು ಬೇಗ ಆಯಿತು, ಅಷ್ಟೇ. ಲೇಕ್ ಲೂಯಿಸ್ ಇರುವುದು ಸುಮಾರು 1,730 ಮೀಟರ್ ಎತ್ತರದಲ್ಲಿ. ಮಂಜುಗಡ್ಡೆ ಪೂರ್ತಿ ಕರಗುವಾಗ ಸಾಮಾನ್ಯವಾಗಿ ಜೂನ್ ಬಂದಿರುತ್ತದೆ. ಮೊರೇನ್ ಇನ್ನೂ ಎತ್ತರದಲ್ಲಿದೆ. ಅದರ ರಸ್ತೆ ತೆರೆಯುವುದೇ ಜೂನ್ ಆರಂಭದಲ್ಲಿ, ಅಕ್ಟೋಬರ್ ನಡುವಿಗೆ ಮತ್ತೆ ಮುಚ್ಚುತ್ತದೆ.

ಬಣ್ಣದ ಕಥೆ ಹೀಗಿದೆ. ಹಿಮನದಿ ಅಂದರೆ ನಿಂತ ಮಂಜುಗಡ್ಡೆ ಅಲ್ಲ. ತನ್ನ ಭಾರಕ್ಕೇ ಅದು ಬಹಳ ನಿಧಾನವಾಗಿ ಕೆಳಗೆ ಜರುಗುತ್ತಿರುತ್ತದೆ. ಅದರ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಕೆಳಗಿನ ಬಂಡೆಯನ್ನು ಬೀಸುವ ಕಲ್ಲಿನ ಹಾಗೆ ಅರೆಯುತ್ತವೆ. ಹಾಗೆ ಬಂದ ಕಲ್ಲಿನ ಹಿಟ್ಟು ಎಷ್ಟು ನುಣ್ಣಗಿರುತ್ತದೆ ಅಂದರೆ, ಸರೋವರ ಸೇರಿದ ಮೇಲೂ ತಳಕ್ಕೆ ಇಳಿಯದೆ ನೀರಿನಲ್ಲಿ ತೇಲುತ್ತಲೇ ಇರುತ್ತದೆ. ಬಿಸಿಲಿನಲ್ಲಿರುವ ಕೆಂಪು ಬಣ್ಣವನ್ನು ನೀರು ಹೀರಿಕೊಳ್ಳುತ್ತದೆ. ಉಳಿದ ನೀಲಿ-ಹಸಿರನ್ನು ಈ ಹಿಟ್ಟು ಚದುರಿಸಿ ನಮ್ಮ ಕಣ್ಣಿಗೆ ಕಳಿಸುತ್ತದೆ.

ಇದನ್ನು ಹತ್ತಿರದಿಂದ ನೋಡಬೇಕಾ? ಲೇಕ್ ಲೂಯಿಸ್‌ನ ಹೋಟೆಲಿನ ಎದುರು ಗುಂಪಿನಲ್ಲಿ ನಿಂತು ವಾಪಸ್ ಬರಬೇಡಿ. ಬಲಗಡೆ ದಂಡೆಯ ದಾರಿ ಹಿಡಿದು ಸುಮಾರು ಎರಡು ಕಿಲೋಮೀಟರ್ ನಡೆದರೆ ಸರೋವರದ ಆ ತುದಿ ಸಿಗುತ್ತದೆ. ಅಲ್ಲಿ ಹಿಮನದಿಯಿಂದ ಬರುವ ತೊರೆ ಸರೋವರ ಸೇರುತ್ತದೆ. ನೀರು ನೀಲಿಯಲ್ಲ, ಬೂದು ಬಣ್ಣ. ತೊರೆ ಸೇರುವ ಜಾಗದಲ್ಲಿ ಮೆತ್ತನೆಯ ಕೆಸರು ಹರಡಿಕೊಂಡಿದೆ. ಆ ಕೆಸರನ್ನು ಬೆರಳ ತುದಿಯಲ್ಲಿ ಉಜ್ಜಿದರೆ ಮರಳಿನ ತರಿಯೇ ಸಿಗುವುದಿಲ್ಲ, ಪೌಡರ್ ಮುಟ್ಟಿದಂತಿರುತ್ತದೆ. ಫೋಟೋದಲ್ಲಿ ಕಾಣುವ ಬಣ್ಣವೆಲ್ಲ ಇದರಿಂದ ಬಂದದ್ದು.

ಈಗ ತಾರೀಖಿಗೆ ಬರೋಣ. ಹಿಮನದಿ ಚೆನ್ನಾಗಿ ಕರಗಬೇಕು, ಆಗಲೇ ಹಿಟ್ಟು ಬರುವುದು. ಅದಕ್ಕೇ ಜೂನ್ ಮೊದಲ ವಾರಗಳಲ್ಲಿ ಬಣ್ಣ ಮಂಕಾಗಿರುತ್ತದೆ, ಜುಲೈ-ಆಗಸ್ಟ್‌ನಲ್ಲಿ ಗಾಢವಾಗುತ್ತದೆ. ಜೂನ್‌ನಲ್ಲಿ ಮೊರೇನ್ ನೀರಿನ ಮಟ್ಟವೂ ಕಡಿಮೆ ಇರುತ್ತದೆ, ದಂಡೆಯ ಕಲ್ಲುಗಳೆಲ್ಲ ಹೊರಗೆ ಕಾಣುತ್ತವೆ. ಹಿಮನದಿಯ ನೀರು ಅಷ್ಟಾಗಿ ಸೇರದ ಸರೋವರಗಳಿಗೆ ಈ ಬಣ್ಣ ಬರುವುದಿಲ್ಲ. ಲೇಕ್ ಲೂಯಿಸ್‌ನ ಮೇಲಿನ ಬೆಟ್ಟದಲ್ಲಿರುವ ಲೇಕ್ ಆಗ್ನೆಸ್ ಅಂಥದ್ದು, ಅದು ತಿಳಿಯಾಗಿ, ಸ್ವಲ್ಪ ಕಪ್ಪಗೆ ಇರುತ್ತದೆ. ನೋಡಿ ಬೇಜಾರಾಗಬೇಡಿ.

ಇನ್ನೊಂದು ತಮಾಷೆ. 1899ರಲ್ಲಿ ವಾಲ್ಟರ್ ವಿಲ್ಕಾಕ್ಸ್ ಎಂಬ ಪರ್ವತಾರೋಹಿ ಮೊರೇನ್ ಲೇಕ್‌ಗೆ ಆ ಹೆಸರಿಟ್ಟ. ಮೊರೇನ್ ಅಂದರೆ ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ರಾಶಿ. ಸರೋವರದ ಬಾಯಿಗೆ ಅಡ್ಡಲಾಗಿರುವ ಕಲ್ಲಿನ ರಾಶಿಯನ್ನು ಹಿಮನದಿ ತಂದು ಸುರಿದಿದೆ ಅಂದುಕೊಂಡಿದ್ದ. ಅದು ಪಕ್ಕದ ಬೆಟ್ಟದಿಂದ ಕುಸಿದು ಬಿದ್ದ ಕಲ್ಲು ಇರಬೇಕು ಅಂತ ಈಗ ಹೇಳುತ್ತಾರೆ.

ಪ್ರಶ್ನೆ: ಅಮ್ಮನಿಗೆ 66 ವರ್ಷ, ಮಂಡಿ ನೋವಿದೆ. ಅವರಿಗೆ ಆಗುವಂಥ ನಡಿಗೆ ಯಾವುದು? ಉಸಿರಾಟದ ತೊಂದರೆ ಬರುತ್ತದೆಯೇ?

ಮೇಲೆ ಹೇಳಿದ ಲೇಕ್ ಲೂಯಿಸ್ ದಂಡೆಯ ದಾರಿಯೇ ಅವರಿಗೆ ಸರಿ. ಸಮತಟ್ಟಾಗಿದೆ, ಎಲ್ಲಿ ಬೇಕಾದರೂ ತಿರುಗಿ ಬರಬಹುದು. ಮೊರೇನ್‌ನಲ್ಲಿ ಕಲ್ಲಿನ ರಾಶಿ ಹತ್ತುವ ದಾರಿ ಮುನ್ನೂರು ಚಿಲ್ಲರೆ ಮೀಟರ್ ಅಷ್ಟೇ, ಆದರೆ ಮೆಟ್ಟಿಲುಗಳಿವೆ. ಇಳಿಯುವಾಗ ಮಂಡಿಗೆ ಕಷ್ಟ. ವಾಕಿಂಗ್ ಪೋಲ್ ಇರಲಿ. ಆಗದಿದ್ದರೆ ದಂಡೆಯಲ್ಲೇ ಕೂರಲಿ, ಅಲ್ಲಿಂದಲೂ ನೋಟ ಕಮ್ಮಿಯಿಲ್ಲ. ಐಸ್‌ಫೀಲ್ಡ್ಸ್ ಪಾರ್ಕ್‌ವೇ ಹೆದ್ದಾರಿಯಲ್ಲಿ ಬೋ ಲೇಕ್ ರಸ್ತೆ ಪಕ್ಕಕ್ಕೇ ಸಿಗುತ್ತದೆ. ನಡೆಯಲೇ ಆಗದವರಿಗೆ ಅದು ಒಳ್ಳೆಯದು.

ಲೇಕ್ ಆಗ್ನೆಸ್ ಅವರಿಗೆ ಬೇಡ. ಸುಮಾರು 3.5 ಕಿಲೋಮೀಟರ್ ದಾರಿ, 400 ಮೀಟರ್ ಏರು. ಮೇಲೆ ಟೀ ಹೌಸ್ ಇದೆ ಅಂತ ಕೇಳಿ ಜನ ಸುಲಭ ಅಂದುಕೊಳ್ಳುತ್ತಾರೆ. ಆ ಟೀ ಹೌಸ್‌ಗೆ ಕರೆಂಟಿಲ್ಲ, ರಸ್ತೆಯಿಲ್ಲ. ಕೆಲಸದವರೇ ದಿನಸಿ ಹೊತ್ತು ನಡೆದು ಹೋಗುತ್ತಾರೆ.

ಉಸಿರಾಟದ ಚಿಂತೆ ಇಲ್ಲಿ ಅಷ್ಟಿಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಡುವಂಥದ್ದು. ಲೇಕ್ ಆಗ್ನೆಸ್ ಕೂಡ ಅದಕ್ಕಿಂತ ಕೆಳಗಿದೆ. ಹೃದಯ, ಶ್ವಾಸಕೋಶದ ತೊಂದರೆ ಮೊದಲೇ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ಹೊರಡಿ.

ಪ್ರಶ್ನೆ: ಕರಡಿ ಸ್ಪ್ರೇ ನಿಜವಾಗಲೂ ಬೇಕಾ? ಇಲ್ಲಿಂದಲೇ ಕೊಂಡು ಹೋಗಬಹುದಾ?

ಬೇಕು. ಮೇಲೇರಿ ಬರುವ ಕರಡಿಯನ್ನು ತಡೆಯಲು ಸಿಂಪಡಿಸುವ ಖಾರದ ಔಷಧಿ ಅದು. ಇಲ್ಲಿಂದ ಬೇಡ. ಕೈಚೀಲದಲ್ಲೂ ಲಗೇಜಿನಲ್ಲೂ ವಿಮಾನಕ್ಕೆ ಬಿಡುವುದಿಲ್ಲ. ಅಲ್ಲೇ ಕೊಳ್ಳಿ, ಇಲ್ಲವೇ ಬಾಡಿಗೆಗೆ ತೆಗೆದುಕೊಳ್ಳಿ. ಡಬ್ಬಿಯ ಮೇಲಿನ ಎಕ್ಸ್‌ಪೈರಿ ತಾರೀಖು ನೋಡಿ.

ಕೊಂಡ ಮೇಲೆ ಬ್ಯಾಗಿನೊಳಗೆ ಹಾಕಿದರೆ ಕೊಳ್ಳದಿದ್ದ ಹಾಗೇ. ಸೊಂಟದ ಬೆಲ್ಟಿಗೆ ಸಿಕ್ಕಿಸಿ, ಕೈ ನೇರ ಅಲ್ಲಿಗೇ ಹೋಗಬೇಕು. ಹೊರಡುವ ಮೊದಲು ನಿಂತಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿ: ಡಬ್ಬಿ ಎಳೆಯುವುದು, ಹೆಬ್ಬೆರಳಿನಿಂದ ಸೇಫ್ಟಿ ಕ್ಲಿಪ್ ಹಿಂದಕ್ಕೆ ಸರಿಸುವುದು. ಒತ್ತಬೇಡಿ ಮತ್ತೆ! ಕರಡಿ ಮೇಲೇರಿ ಬರುತ್ತಿದ್ದರೆ, ಏಳೆಂಟು ಮೀಟರ್ ಹತ್ತಿರ ಬಂದಾಗ, ಅದರ ಮುಂದಕ್ಕೆ ಸ್ವಲ್ಪ ಕೆಳಗೆ ಗುರಿಯಿಟ್ಟು ಸಿಂಪಡಿಸಬೇಕು. ಸೊಳ್ಳೆ ಔಷಧಿಯ ಹಾಗೆ ಬಟ್ಟೆಗೆ ಹಚ್ಚಿಕೊಳ್ಳುವುದಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ.

ಅದಕ್ಕಿಂತ ಮುಖ್ಯ ನಿಮ್ಮ ಬಾಯಿ. ಕರಡಿಗೆ ನೀವು ಬರುವುದು ಮೊದಲೇ ಗೊತ್ತಾದರೆ ಅದೇ ದೂರ ಹೋಗುತ್ತದೆ. ಮಾತಾಡುತ್ತಾ ನಡೆಯಿರಿ. ತಿರುವು, ಪೊದೆ, ಜೋರಾಗಿ ಹರಿಯುವ ತೊರೆ ಬಂದಾಗ ಕೂಗಿ. ಬ್ಯಾಗಿಗೆ ಕಟ್ಟುವ ಕಿರುಗಂಟೆ ಸಾಲದು. ಕರಡಿ ಕಂಡರೆ ಓಡಬೇಡಿ, ಮೆತ್ತಗೆ ಮಾತಾಡುತ್ತಾ ಹಿಂದೆ ಸರಿಯಿರಿ. ಕರಡಿ, ತೋಳಗಳಿಂದ 100 ಮೀಟರ್, ಎಲ್ಕ್, ಜಿಂಕೆ, ಕಾಡುಕುರಿಗಳಿಂದ 30 ಮೀಟರ್ ದೂರವಿರಬೇಕು. ಅಳಿಲಿಗೆ ಕಡಲೆಬೀಜ ಹಾಕುವುದೂ ಅಪರಾಧವೇ. ದಂಡ 25,000 ಡಾಲರ್‌ವರೆಗೂ ಹೋಗಬಹುದು.

ಮೊರೇನ್ ಮೇಲಿನ ಲಾರ್ಚ್ ವ್ಯಾಲಿಯಲ್ಲಿ ಸೆಪ್ಟೆಂಬರ್ ಮೂರು-ನಾಲ್ಕನೇ ವಾರ ಲಾರ್ಚ್ ಮರಗಳ ಸೂಜಿ ಎಲೆಗಳೆಲ್ಲ ಹೊನ್ನಿನ ಬಣ್ಣಕ್ಕೆ ತಿರುಗುತ್ತವೆ. ಅದನ್ನು ನೋಡಲು ಹೊರಟವರು ಒಂದು ವಿಷಯ ಗಮನಿಸಿ. ಗ್ರಿಜ್ಲಿ ಕರಡಿಗಳ ಓಡಾಟ ಇದ್ದಾಗ ಆ ಕಡೆ ಕನಿಷ್ಠ ನಾಲ್ವರು ಒತ್ತಾಗಿ ನಡೆಯಬೇಕು ಅಂತ ಆದೇಶ ಹೊರಡಿಸುತ್ತಾರೆ. ಅದು ಬರೀ ಸಲಹೆಯಲ್ಲ, ಕಾನೂನು. ಗಂಡ-ಹೆಂಡತಿ ಇಬ್ಬರೇ ಇದ್ದರೆ ದಾರಿಯ ಬುಡದಲ್ಲಿ ನಿಂತು ಇನ್ನಿಬ್ಬರನ್ನು ಕೇಳಿ. ಅಲ್ಲಿ ಎಲ್ಲರೂ ಹಾಗೇ ಜೊತೆಗಾರರನ್ನು ಹುಡುಕಿಕೊಳ್ಳುತ್ತಾರೆ.

ಪ್ರಶ್ನೆ: ಸರೋವರದಲ್ಲಿ ಈಜಬಹುದೇ? ಡ್ರೋನ್ ಹಾರಿಸಬಹುದೇ? ನೆನಪಿಗೆ ಒಂದು ಕಲ್ಲು?

ಡ್ರೋನ್ ಇಲ್ಲ. ಕಲ್ಲು, ಹೂವು, ಉದುರಿದ ಕೊಂಬು ಯಾವುದನ್ನೂ ತರುವಂತಿಲ್ಲ. ಈಜು ಬೇಡ. ನಡು ಬೇಸಿಗೆಯಲ್ಲೂ ನೀರು ಮಂಜಿನಂತೆ ಕೊರೆಯುತ್ತದೆ. ಧುಮುಕಿದ ಕ್ಷಣಕ್ಕೆ ಉಸಿರು ಎಳೆದುಕೊಳ್ಳುತ್ತದೆ, ಬಾಯಿಗೆ ನೀರು ಹೋಗುತ್ತದೆ. ಈಜು ಬರುವವರೂ ಅಲ್ಲೇ ಸಿಕ್ಕಿಬೀಳುವುದು. ಬ್ಯಾನ್ಫ್‌ನಲ್ಲಿ ಸ್ವಂತ ದೋಣಿ ಇದ್ದರೆ ಅದನ್ನು ತೊಳೆದು ಒಣಗಿಸಿ, ಪರವಾನಗಿ ಪಡೆದೇ ಇಳಿಸಬೇಕು. ಒದ್ದೆ ದೋಣಿಯ ಜೊತೆ ರೋಗ ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗಬಹುದು, ಅದಕ್ಕೇ ಈ ನಿಯಮ. ಮೀನುಗಳಿಗೆ ಬರುವ ವರ್ಲಿಂಗ್ ರೋಗ ಕೆನಡಾದಲ್ಲಿ ಮೊದಲು ಪತ್ತೆಯಾಗಿದ್ದು ಬ್ಯಾನ್ಫ್‌ನ ಜಾನ್ಸನ್ ಲೇಕ್‌ನಲ್ಲೇ, 2016ರಲ್ಲಿ.

ಪ್ರಶ್ನೆ: ಸರೋವರ ಸಾಕು, ಹಿಮನದಿಯ ಹತ್ತಿರಕ್ಕೇ ಹೋಗಬೇಕು. ಸಾಧ್ಯವೇ?

ಹತ್ತಿರದಿಂದ ನೋಡಬಹುದು. ಲೇಕ್ ಲೂಯಿಸ್ ದಂಡೆ ಮುಗಿದಲ್ಲಿಂದ ಮುಂದುವರಿದರೆ ಪ್ಲೇನ್ ಆಫ್ ಸಿಕ್ಸ್ ಗ್ಲೇಸಿಯರ್ಸ್ ದಾರಿ. ಶುರುವಿನಿಂದ ಸುಮಾರು ಐದೂವರೆ ಕಿಲೋಮೀಟರಿಗೆ 1920ರ ದಶಕದ ಟೀ ಹೌಸ್ ಸಿಗುತ್ತದೆ, ಇನ್ನೂ ಒಂದೂವರೆ ಕಿಲೋಮೀಟರಿಗೆ ವ್ಯೂಪಾಯಿಂಟ್. ಮೇಲಿನಿಂದ ಮಂಜಿನ ತುಂಡುಗಳು ಬೀಳುವ ಸದ್ದು ಕೇಳಿಸುತ್ತದೆ. ನನಗೆ ಕೇಳಿದರೆ ಇಡೀ ಉದ್ಯಾನದಲ್ಲಿ ಒಂದು ದಿನಕ್ಕೆ ಇದಕ್ಕಿಂತ ಒಳ್ಳೆಯ ನಡಿಗೆ ಇಲ್ಲ. ಆದರೆ ಜುಲೈ ಆಗಲಿ. ಜೂನ್‌ನಲ್ಲಿ ಆ ಇಳಿಜಾರುಗಳಲ್ಲಿ ಹಿಮಕುಸಿತದ ಭಯ ಇನ್ನೂ ಇರುತ್ತದೆ.

ಆ ವ್ಯೂಪಾಯಿಂಟ್‌ನಿಂದ ತಲೆಯೆತ್ತಿದರೆ ಅಬ್ಬಟ್ ಪಾಸ್ ಕಾಣುತ್ತದೆ. 1922ರಲ್ಲಿ ಅಲ್ಲಿ ಕಲ್ಲಿನ ಗುಡಿಸಲು ಕಟ್ಟಿದ್ದರು, ಪರ್ವತಾರೋಹಿಗಳು ತಂಗಲಿಕ್ಕೆ. ಸುತ್ತಲಿನ ಮಂಜು ಕರಗಿ ಅದರ ಕೆಳಗಿನ ಇಳಿಜಾರೇ ಕುಸಿಯತೊಡಗಿತು. 2022ರಲ್ಲಿ ಬಿಚ್ಚಿ ತೆಗೆದರು.

ಹಿಮನದಿಯ ಮೇಲೆ ಮಾತ್ರ ಗೈಡ್ ಇಲ್ಲದೆ ಕಾಲಿಡಬೇಡಿ. ಬಿರುಕುಗಳ ಮೇಲೆ ತೆಳ್ಳಗೆ ಹಿಮ ಮುಚ್ಚಿರುತ್ತದೆ, ಕಾಣುವುದಿಲ್ಲ. ಬಂಡೆಗೋಡೆಯ ಬುಡದಲ್ಲಿ ಕೂತು ಊಟ ಮಾಡುವುದೂ ಬೇಡ. 2025ರ ಜೂನ್‌ನಲ್ಲಿ ಬೋ ಗ್ಲೇಸಿಯರ್ ಫಾಲ್ಸ್ ಬಳಿ ಬಂಡೆ ಕುಸಿದು ಇಬ್ಬರು ತೀರಿಕೊಂಡರು. ಅದು ಸಾಮಾನ್ಯ ಪ್ರವಾಸಿಗರು ಓಡಾಡುವ ಜಾಗವೇ.

ಪ್ರಶ್ನೆ: ಲೇಕ್ ಒಹಾರಾಗೆ ಟಿಕೆಟ್ ಸಿಗುವುದೇ ಇಲ್ಲವಂತೆ. ಹೌದಾ?

ಬಹುಮಟ್ಟಿಗೆ ಹೌದು. ಅದು ಪಕ್ಕದ ಯೋಹೋ ಉದ್ಯಾನದಲ್ಲಿದೆ. 11 ಕಿಲೋಮೀಟರ್ ರಸ್ತೆ, ಕಾರೂ ಇಲ್ಲ, ಸೈಕಲ್ಲೂ ಇಲ್ಲ. ಬಸ್ಸಿನಲ್ಲಿ ದಿನಕ್ಕೆ ಇಷ್ಟೇ ಜನ ಅಂತ ಮಿತಿಯಿದೆ, ಈಚಿನ ವರ್ಷಗಳಲ್ಲಿ ಆ ಸೀಟುಗಳನ್ನೂ ಲಾಟರಿ ಎತ್ತಿ ಕೊಡುತ್ತಾರೆ. ನಡೆದು ಹೋಗಲು ಯಾರ ಅಡ್ಡಿಯೂ ಇಲ್ಲ. ಆದರೆ ಹೋಗಿ ಬರುವುದಕ್ಕೇ 22 ಕಿಲೋಮೀಟರ್ ಆದರೆ ಮೇಲೆ ಸುತ್ತಾಡಲು ಕಾಲಿರಬೇಕಲ್ಲ? ಲಾಟರಿಗೆ ಹೆಸರು ಕೊಡಿ, ಬಂದರೆ ಉಳಿದ ದಿನಗಳನ್ನು ಅದರ ಸುತ್ತ ಹೊಂದಿಸಿಕೊಳ್ಳಿ. ಬರದಿದ್ದರೆ ಮೊರೇನ್‌ನಿಂದ ಕನ್ಸೋಲೇಶನ್ ಲೇಕ್ಸ್‌ಗೆ ಹೋಗಿ. ಸುಮಾರು ಮೂರು ಕಿಲೋಮೀಟರ್, ಏರು ಕಡಿಮೆ, ಜನವೂ ಕಡಿಮೆ. ಕೊನೆಯ ಒಂದಿಷ್ಟು ದೂರ ದೊಡ್ಡ ದೊಡ್ಡ ಕಲ್ಲುಗಳ ಮೇಲೆ ದಾಟಬೇಕು, ಹಾಗಾಗಿ ಚಪ್ಪಲಿ ಬೇಡ. ಹೊರಡುವ ಮುಂಚೆ ನಾಲ್ವರ ನಿಯಮ ಆ ದಾರಿಗೂ ಇದೆಯಾ ಅಂತ ಬೋರ್ಡ್ ನೋಡಿಕೊಳ್ಳಿ.