ತಾಯಿಗೆ ತಂಪು, ಮರಿಗೆ ಬಿಸುಪು: ಚಿಂಚಿಲಾ ಬಾಣಂತನದ ಪ್ರಶ್ನೆಗಳು

ಪ್ರಶ್ನೆ: ಮನೆಯ ಎಸಿ ಕೋಣೆಯಲ್ಲಿ ಚಿಂಚಿಲಾ (ಇಲಿ, ಅಳಿಲಿನ ಬಳಗದ ದಟ್ಟ ಕೂದಲಿನ ಪ್ರಾಣಿ) ಜೋಡಿ ಸಾಕಿದ್ದೇವೆ. ಮೊನ್ನೆ ಬೆಳಗಿನ ಜಾವ ಹೆಣ್ಣು ಎರಡು ಮರಿ ಹಾಕಿತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಒಂದು 51 ಗ್ರಾಂ, ಇನ್ನೊಂದು 37. ಇವತ್ತು ದೊಡ್ಡದು 53, ಸಣ್ಣದು 35. ದೊಡ್ಡದು ಸಣ್ಣದನ್ನು ತಳ್ಳಿ ತಾನೇ ಕುಡಿಯುತ್ತದೆ. ಗಂಡು ಅದೇ ಗೂಡಿನಲ್ಲಿದೆ, ಮರಿಗಳಿಗೆ ಏನೂ ಮಾಡುತ್ತಿಲ್ಲ. ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ದನ ಇದೆ, ಅದರ ಹಾಲು ಕುಡಿಸಬಹುದಾ? ಬಾಣಂತಿಗೆ ವಿಶೇಷ ಏನಾದರೂ ಕೊಡಬೇಕಾ? ಈ ಸೆಕೆಯಲ್ಲಿ ಕರೆಂಟು ಬೇರೆ ಆಗಾಗ ಹೋಗುತ್ತದೆ.
– ಓದುಗರು, ಬದಿಯಡ್ಕ

ಉತ್ತರ: ತುರ್ತು ವಿಷಯವಾದ್ದರಿಂದ ನಿಮಗೆ ಅಂದೇ ಚುಟುಕಾಗಿ ಉತ್ತರಿಸಿದ್ದೆ. ಉಳಿದವರಿಗೂ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಹಾಲಿನ ಮಾತು ಆಮೇಲೆ. ಮೊದಲು ಗಂಡನ್ನು ಬೇರೆ ಗೂಡಿಗೆ ಹಾಕಿ. ಅದು ಮರಿಗಳಿಗೆ ತೊಂದರೆ ಕೊಡುತ್ತದೆ ಎಂದಲ್ಲ. ಚಿಂಚಿಲಾ ಹೆಣ್ಣು ಹೆತ್ತ ಕೆಲವೇ ಗಂಟೆಗಳಲ್ಲಿ ಮತ್ತೆ ಬೆದೆಗೆ ಬರುತ್ತದೆ. ಒಂದು ಕಡೆ ಹಾಲೂಡಿಸುತ್ತಾ ಇನ್ನೊಂದು ಕಡೆ ಹೊಟ್ಟೆಯಲ್ಲಿ ಮರಿ ಬೆಳೆಸುವುದೆಂದರೆ ಅದರ ಮೈಯಲ್ಲಿ ಏನೂ ಉಳಿಯುವುದಿಲ್ಲ. ನಿಮ್ಮಲ್ಲಿ ಆಗಲೇ ಎರಡು ದಿನ ಕಳೆದಿದೆ, ಹಾಗಾಗಿ ಗಬ್ಬ ಕಟ್ಟಿರಲೂಬಹುದು. ಕ್ಯಾಲೆಂಡರಿನಲ್ಲಿ ಹೆರಿಗೆಯ ದಿನದಿಂದ 111 ದಿನ ಎಣಿಸಿ ಗುರುತು ಹಾಕಿಡಿ. ಇವುಗಳ ಗರ್ಭದ ಅವಧಿ ಹೆಚ್ಚುಕಮ್ಮಿ ಅಷ್ಟೇ. ಗಂಡಿನ ಗೂಡನ್ನು ಅದೇ ಎಸಿ ಕೋಣೆಯಲ್ಲಿಡಿ, ಚಾವಡಿಗೆ ದಾಟಿಸಬೇಡಿ. ಸೆಕೆ ಅದಕ್ಕೂ ಆಗುವುದಿಲ್ಲ.

ಇನ್ನು ಸಣ್ಣ ಮರಿ. ಚಿಂಚಿಲಾ ಮರಿ ಇಲಿಮರಿಯ ಹಾಗೆ ಬೋಳಾಗಿ ಹುಟ್ಟುವುದಿಲ್ಲ. ಮೈತುಂಬ ಕೂದಲು, ತೆರೆದ ಕಣ್ಣು, ಬಾಯಲ್ಲಿ ಹಲ್ಲು, ಎಲ್ಲ ಇರುತ್ತದೆ. ಸಾಮಾನ್ಯವಾಗಿ 30ರಿಂದ 60 ಗ್ರಾಂ ತೂಗುತ್ತದೆ. ಆದ್ದರಿಂದ 37 ಗ್ರಾಂ ಎಂದು ಗಾಬರಿಯಾಗಬೇಕಿಲ್ಲ. ಮೊದಲ ದಿನ ಒಂದೆರಡು ಗ್ರಾಂ ಇಳಿಯುವುದೂ ಇದೆ. ಆದರೆ ಮೂರನೇ ದಿನಕ್ಕೂ ಏರದಿದ್ದರೆ ಸುಮ್ನೆ ಕೂರಬಾರದು. ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಗ್ರಾಂ ಲೆಕ್ಕದಲ್ಲಿ ತೋರಿಸುವ ಡಿಜಿಟಲ್ ತಕ್ಕಡಿಯೇ ಬೇಕು. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ, ಉಬ್ಬಿದ ಕೂದಲಿನೊಳಗೆ ಬಡಕಲು ಮರಿಯೂ ದುಂಡಗೆ ಕಾಣುತ್ತದೆ. ಗಟ್ಟಿಮುಟ್ಟಾದ ಮರಿ ಬಾಲ ಮೇಲೆತ್ತಿ ಓಡಾಡುತ್ತದೆ. ಬಾಲ ಜೋತು, ಬೆನ್ನು ಗೂನಾಗಿ, ತಲೆ ತಗ್ಗಿಸಿ ಮೂಲೆಯಲ್ಲಿ ಕೂತರೆ ಹಸಿದಿದೆ ಎಂದೇ ಅರ್ಥ.

ತಾಯಿಗೆ ಮೂರು ಜೊತೆ ಮೊಲೆತೊಟ್ಟು ಇರುತ್ತದೆ, ಆದರೆ ಎಲ್ಲದರಲ್ಲೂ ಹಾಲು ಇರಬೇಕೆಂದಿಲ್ಲ. ಹಾಗಾಗಿಯೇ ಜಗಳ. ಹುಟ್ಟುವಾಗಲೇ ಹಲ್ಲಿರುವ ಮರಿಗಳು ಮುಖಕ್ಕೆ ಕಚ್ಚಿಕೊಳ್ಳುವುದೂ ಇದೆ, ಮೂಗು ತುಟಿಗಳಲ್ಲಿ ಗೀರು ಇದೆಯಾ ನೋಡಿ. ನಿಮ್ಮಲ್ಲಿ ಎರಡೇ ಮರಿ, ಅಲ್ವಾ? ಸರದಿ ಹಾಕುವುದು ಸುಲಭ. ದೊಡ್ಡದನ್ನು ಅರ್ಧ ಗಂಟೆ ಬಟ್ಟೆ ಹಾಸಿದ ಡಬ್ಬದಲ್ಲಿ ಕೂರಿಸಿ, ಅಷ್ಟರಲ್ಲಿ ಸಣ್ಣದು ತಾಯಿಯ ಹತ್ತಿರ ನೆಮ್ಮದಿಯಾಗಿ ಕುಡಿಯಲಿ. ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡಿ. ಎಷ್ಟೋ ಮರಿಗಳು ಇಷ್ಟರಲ್ಲೇ ಚೇತರಿಸಿಕೊಳ್ಳುತ್ತವೆ.

ತೂಕ ಆಗಲೂ ಏರದಿದ್ದರೆ ಮಾತ್ರ ಮೇಲುಹಾಲು. ನಿಮ್ಮ ಗಿಡ್ಡ ದನದ ಹಾಲು ನಿಮಗೇ ಇರಲಿ. ಇದಕ್ಕೆ ಆಡಿನ ಹಾಲು ವಾಸಿ, ಸಾಕುವವರು ಹೆಚ್ಚಾಗಿ ಅದನ್ನೇ ಕೊಡುತ್ತಾರೆ. ಬೆಕ್ಕಿನ ಮರಿಗೆಂದು ಸಿಗುವ ಹಾಲಿನ ಪುಡಿಯೂ ಆಗುತ್ತದೆ. ಕಾಯಿಸಿ, ಉಗುರುಬೆಚ್ಚಗೆ ಆರಿಸಿ, ಎರಡು ಮೂರು ಗಂಟೆಗೊಮ್ಮೆ ಕೊಡಿ. ಉಳಿದದ್ದನ್ನು ಚೆಲ್ಲಿ.

ಕುಡಿಸುವ ರೀತಿಯಲ್ಲೇ ಅಪಾಯ ಇರುವುದು. ಮಗುವನ್ನು ಮಲಗಿಸಿದಂತೆ ಅಂಗಾತ ಹಿಡಿಯಬೇಡಿ. ಅಂಗೈಯಲ್ಲಿ ನೆಟ್ಟಗೆ ಕೂರಿಸಿ, ಮುಂಗಾಲು ನಿಮ್ಮ ಬೆರಳಿನ ಮೇಲಿರಲಿ. ಸೂಜಿ ಇಲ್ಲದ 1 ಮಿಲಿ ಸಿರಿಂಜಿನಿಂದ ಒಂದೊಂದೇ ಹನಿ ತುಟಿಯ ಅಂಚಿಗೆ ತಾಗಿಸಿ. ಅದು ನೆಕ್ಕಿ ನುಂಗಿದ ಮೇಲೆಯೇ ಮುಂದಿನ ಹನಿ. ಪಿಚಕಾರಿ ಹೊಡೆದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಸಾಕಾದಾಗ ಮರಿಯೇ ಮುಖ ತಿರುಗಿಸುತ್ತದೆ. ಆಮೇಲೆ ಗಲ್ಲ, ಕುತ್ತಿಗೆ ಒರೆಸಿ. ನಮ್ಮ ಕಡೆ ಹಾಲಿನ ವಾಸನೆಗೆ ಇರುವೆ ಸಾಲು ಬರಲು ಹೆಚ್ಚು ಹೊತ್ತು ಬೇಡ, ಗೂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು ಒಳ್ಳೆಯದು.

ಇನ್ನೊಂದು. ಮುಟ್ಟಿದರೆ ತಣ್ಣಗಿರುವ ಮರಿಗೆ ಹಾಲು ಹಾಕಬೇಡಿ. ತಣ್ಣಗಿನ ಹೊಟ್ಟೆಯಲ್ಲಿ ಅದು ಜೀರ್ಣವಾಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾದ ಮೇಲೆ ಕುಡಿಸಿ.

ಮರಿಗೆ ಬಿಸುಪು ಬೇಕು, ತಾಯಿಗೆ ತಂಪು ಬೇಕು. ಕರಾವಳಿಯಲ್ಲಿ ಚಿಂಚಿಲಾ ಸಾಕುವವರಿಗೆ ದೊಡ್ಡ ತಲೆನೋವು ಇದೇ. ಚಿಂಚಿಲಾ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಒಣ ಚಳಿಯ ಪ್ರಾಣಿ. ಒಂದೇ ರಂಧ್ರದಿಂದ 50ಕ್ಕೂ ಜಾಸ್ತಿ ಕೂದಲು ಹುಟ್ಟುತ್ತದೆ. 25 ಡಿಗ್ರಿ ದಾಟಿದರೆ ಕಷ್ಟ, ತೇವ ಸೇರಿದರೆ ಇನ್ನೂ ಕಷ್ಟ. ಆದ್ದರಿಂದ ತಾಯಿಗೆ 18ರಿಂದ 21 ಡಿಗ್ರಿ ಬೇಕು, ಮರಿಗೆ ಎಸಿಯ ಗಾಳಿ ನೇರ ಬೀಸಬಾರದು. ಗೂಡನ್ನು ಎಸಿಯ ಎದುರಿನಿಂದ ಸರಿಸಿ, ಒಳಗೆ ಒಂದು ಬದಿ ಮುಚ್ಚಿದ ಮರದ ಪೆಟ್ಟಿಗೆ ಇಟ್ಟರೆ ಎರಡೂ ಆಗುತ್ತದೆ. ಥರ್ಮಾಮೀಟರನ್ನು ಗೋಡೆಗಲ್ಲ, ಗೂಡಿನ ಮಟ್ಟಕ್ಕೆ ಕಟ್ಟಿ. ಕರೆಂಟು ಹೋದಾಗ ಮನೆಯ ಮಾಮೂಲು ಇನ್ವರ್ಟರ್ ಎಸಿ ಎಳೆಯುವುದಿಲ್ಲ. ಫ್ಯಾನಿನಿಂದಲೂ ಪ್ರಯೋಜನ ಇಲ್ಲ, ಇವು ಬೆವರುವುದಿಲ್ಲ. ಫ್ರೀಜರಿನಲ್ಲಿ ನೀರಿನ ಬಾಟಲಿಗಳು ಸದಾ ಗಟ್ಟಿಯಾಗಿರಲಿ. ಬಟ್ಟೆ ಸುತ್ತಿ ಗೂಡಿನ ಒಂದು ಬದಿಗಿಡಿ, ತಾಯಿ ತಂಪಾಗಿ ಕೂರಲು ಗ್ರಾನೈಟ್ ತುಂಡೊಂದನ್ನು ಹಾಕಿ. ಮರಿಗಳ ಪೆಟ್ಟಿಗೆ ಇನ್ನೊಂದು ಬದಿಗಿರಲಿ. ತಾಯಿಯ ಕಿವಿ ಕೆಂಪಾಗಿ, ಉಸಿರು ಜೋರಾಗಿ, ಅಡ್ಡ ಬಿದ್ದರೆ ಬಿಸಿಲಾಘಾತ. ಒದ್ದೆ ಬಟ್ಟೆಯಿಂದ ಕಿವಿ ತಂಪು ಮಾಡುತ್ತಾ ಡಾಕ್ಟರ ಬಳಿ ಹೊರಡಿ. ನೀರಿನಲ್ಲಿ ಮುಳುಗಿಸಬೇಡಿ. ನಿಜ ಹೇಳಬೇಕೆಂದರೆ, ನಮ್ಮ ಊರಿನ ಸೆಕೆಗೆ ಈ ಪ್ರಾಣಿ ತರಬೇಡಿ ಎಂದೇ ಕೇಳಿದವರಿಗೆಲ್ಲ ಹೇಳುತ್ತೇನೆ. ತಂದಾಗಿದೆ, ಇನ್ನು ನೋಡಿಕೊಳ್ಳಬೇಕಷ್ಟೆ.

ಬಾಣಂತಿಗೆ ಬೆಲ್ಲ, ತೆಂಗಿನಕಾಯಿ, ಬಾಳೆಹಣ್ಣು ಬೇಡವೇ ಬೇಡ. ಹೊಟ್ಟೆ ಕೆಡುತ್ತದೆ. ದಿನಾ ಕೊಡುವ ಟಿಮೋಥಿ ಹುಲ್ಲು, ಪೆಲೆಟ್ (ಒಣ ಆಹಾರದ ಗುಳಿಗೆ) ಜೊತೆ ಒಣಗಿದ ಕುದುರೆಮೆಂತೆ ಹುಲ್ಲು ಕೊಡಿ, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಬೈಹುಲ್ಲು ಅದರ ಬದಲಿಗೆ ಆಗುವುದಿಲ್ಲ. ಧೂಳುಸ್ನಾನವನ್ನು (ಕೂದಲು ಶುಚಿಯಾಗಲು ನಯವಾದ ಧೂಳಿನಲ್ಲಿ ಹೊರಳುವುದು) ಒಂದು ವಾರದಿಂದ ಹತ್ತು ದಿನ ನಿಲ್ಲಿಸಿ. ಮೊಲೆ ಕೆಂಪಾಗಿ, ಗಟ್ಟಿಯಾಗಿ, ಬಿಸಿಯಾಗಿದ್ದರೆ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಅದು ಇವುಗಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಜೀವಕ್ಕೇ ಕುತ್ತು ತರುತ್ತದೆ. ಮಂಗಳೂರಿಗೆ ಒಯ್ಯುವುದಾದರೆ ಬಿಸಿಲೇರುವ ಮೊದಲೇ ಎಸಿ ಕಾರಿನಲ್ಲಿ ಹೊರಡಿ, ಮರಿಗಳನ್ನೂ ಜೊತೆಗೇ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ಚಿಂಚಿಲಾ ಮರಿಗಳಿಗೆ ಐದು ವಾರ. ಹುಲ್ಲು ತಿನ್ನುತ್ತವೆ. ಈಗಲೇ ತಾಯಿಯಿಂದ ಬೇರೆ ಮಾಡಬಹುದಾ?
– ಓದುಗರು, ಹೊಸಂಗಡಿ

ಉತ್ತರ: ಇನ್ನೂ ಬೇಡ. ಮೊದಲ ವಾರದಲ್ಲೇ ಅವು ಹುಲ್ಲು ಕಚ್ಚಲು ಶುರು ಮಾಡುತ್ತವೆ, ಅದನ್ನು ಹಾಲು ಬಿಟ್ಟ ಲಕ್ಷಣ ಎಂದುಕೊಳ್ಳಬೇಡಿ. ಆರರಿಂದ ಎಂಟು ವಾರದವರೆಗೆ ಕುಡಿಯಲಿ. ಆದರೆ ಎಂಟು ವಾರ ತುಂಬಿದ ಕೂಡಲೇ ಗಂಡು ಮರಿಗಳನ್ನು ತೆಗೆಯಿರಿ. ಆ ವಯಸ್ಸಿಗೇ ಅವು ತಾಯಿಯನ್ನೂ ತಂಗಿಯನ್ನೂ ಗಬ್ಬ ಮಾಡಬಲ್ಲವು. ಗಂಡು ಹೆಣ್ಣು ಗುರುತಿಸುವಾಗ ಮೋಸ ಹೋಗುವವರೇ ಜಾಸ್ತಿ, ಏಕೆಂದರೆ ಹೆಣ್ಣಿಗೂ ಮೂತ್ರದ್ವಾರದ ಮೊನೆ ಇದೆ. ಆ ಮೊನೆಗೂ ಗುದದ್ವಾರಕ್ಕೂ ನಡುವೆ ಖಾಲಿ ಚರ್ಮ ಕಂಡರೆ ಗಂಡು. ಎರಡೂ ಅಂಟಿಕೊಂಡಂತಿದ್ದರೆ ಹೆಣ್ಣು. ಅಣ್ಣ ತಮ್ಮಂದಿರನ್ನು ಒಂದೇ ಗೂಡಿನಲ್ಲಿ ಇಡಬಹುದು, ಹೆಣ್ಣಿನ ವಾಸನೆ ಹತ್ತಿರ ಇಲ್ಲದಿದ್ದರೆ ಜಗಳ ಕಮ್ಮಿ.