ಸ್ಕ್ಯಾನ್‌ನಲ್ಲಿ ಕಾಣದ ಹೊಟ್ಟೆನೋವು

ಪ್ರಶ್ನೆ: ಮಗಳು ಏಳನೇ ತರಗತಿವರೆಗೆ ನಮ್ಮೂರ ಕನ್ನಡ ಶಾಲೆಯಲ್ಲಿದ್ದಳು, ಕ್ಲಾಸಿಗೇ ಫಸ್ಟ್. ಈ ಜೂನ್‌ನಲ್ಲಿ ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಗೆ ಎಂಟನೇ ತರಗತಿಗೆ ಸೇರಿಸಿದೆವು. ದಸರಾ ರಜೆ ಮುಗಿದಾಗಿನಿಂದ ಬೆಳಿಗ್ಗೆ ವ್ಯಾನ್ ಬರುವ ಹೊತ್ತಿಗೆ ಹೊಟ್ಟೆನೋವು ಅಂತ ಮುದುಡಿ ಮಲಗುತ್ತಾಳೆ. ಭಾನುವಾರ ಏನೂ ಇಲ್ಲ. ಡಾಕ್ಟರು ಸ್ಕ್ಯಾನ್ ಮಾಡಿಸಿ ‘ಎಲ್ಲ ನಾರ್ಮಲ್’ ಎಂದರು. ‘ನಾಟಕ, ಎರಡು ಬಿಟ್ಟು ಕಳಿಸು’ ಅಂತಾರೆ ಅತ್ತೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಆ ನೋವು ನಿಜ. ಮಿದುಳಿಗೂ ಕರುಳಿಗೂ ನರಗಳ ನೇರ ನಂಟಿದೆ. ಆತಂಕ ಹೆಚ್ಚಿದಾಗ ಕರುಳಿನ ಚಲನೆ ಏರುಪೇರಾಗಿ ಹೊಟ್ಟೆ ಹಿಂಡುತ್ತದೆ. ಸ್ಕ್ಯಾನ್‌ನಲ್ಲಿ ಕಲ್ಲು, ಊತ ಕಾಣಬಹುದು, ಹೆದರಿಕೆ ಕಾಣದು. ಹೊಡೆದರೆ ಆ ಹೆದರಿಕೆಗೆ ಇನ್ನೊಂದು ಸೇರುತ್ತದೆ, ಅಷ್ಟೇ. ಹಾಗಂತ ಮನೆಯಲ್ಲೂ ಇರಿಸಿಕೊಳ್ಳಬೇಡಿ. ಒಂದು ದಿನ ತಪ್ಪಿಸಿದರೆ ಆ ದಿನಕ್ಕೆ ಹಾಯೆನಿಸುತ್ತದೆ, ಮರುದಿನ ಹೊಸಿಲು ದಾಟುವುದು ಇನ್ನೂ ಕಷ್ಟ.

ಶಾಲೆಯ ಯಾವ ಹೊತ್ತು ಅವಳನ್ನು ಹೆದರಿಸುತ್ತಿದೆ ಎಂದು ಹುಡುಕಿ. ‘ಯಾಕೆ ಹೋಗಲ್ಲ?’ ಅಂದರೆ ಮಕ್ಕಳು ‘ಗೊತ್ತಿಲ್ಲ’ ಅನ್ನುತ್ತಾರೆ. ಎಷ್ಟೋ ಸಲ ಅವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಸಂಜೆ ತಲೆ ಬಾಚುತ್ತಲೋ ಸೊಪ್ಪು ಬಿಡಿಸುತ್ತಲೋ ಅವಳ ದಿನವನ್ನು ಕೇಳಿ. ವ್ಯಾನ್‌ನಲ್ಲಿ ಯಾರ ಪಕ್ಕ? ಮೊದಲ ಪೀರಿಯಡ್ ಯಾರದು? ಊಟಕ್ಕೆ ಯಾರ ಜೊತೆ? ಶೌಚಾಲಯಕ್ಕೆ ಚಿಲಕ ಇದೆಯಾ? (ಮುಟ್ಟಿನ ದಿನ ಪ್ಯಾಡ್ ಬದಲಿಸಲು ಜಾಗವಿಲ್ಲವೆಂದು ಶಾಲೆಗೇ ಬೇಡವೆನ್ನುವ ಹುಡುಗಿಯರಿದ್ದಾರೆ. ಇದನ್ನು ನೀವೇ ಕೇಳಬೇಕು.) ಮಾತು ಎಲ್ಲಿ ತಡವರಿಸುತ್ತದೋ ಅಲ್ಲಿ ಸ್ವಲ್ಪ ನಿಲ್ಲಿ, ಒತ್ತಾಯಿಸಬೇಡಿ.

ನಿಮ್ಮ ಪತ್ರ ಓದಿ ನನಗೆ ಅನುಮಾನ ಬಂದದ್ದು ಭಾಷೆಯ ಮೇಲೆ. ಮೊನ್ನೆಯವರೆಗೆ ‘ದ್ಯುತಿಸಂಶ್ಲೇಷಣೆ’ ಎಂದು ಕೈಯೆತ್ತಿ ಹೇಳುತ್ತಿದ್ದವಳು ಈಗ ‘ಫೋಟೋಸಿಂಥೆಸಿಸ್’ ಎಂದು ಎದ್ದುನಿಂತು ಓದಬೇಕು. ಗೊತ್ತಿದ್ದೂ ಹೇಳಲಾಗದೆ ನಿಲ್ಲುವುದು ಫಸ್ಟ್ ಬರುತ್ತಿದ್ದ ಮಗುವಿಗೆ ದೊಡ್ಡ ಅವಮಾನ. ಕ್ಲಾಸ್ ಟೀಚರನ್ನು ಬಿಡುವಿನಲ್ಲಿ ಕಂಡು ಎರಡೇ ಮಾತು ಕೇಳಿಕೊಳ್ಳಿ: ಕೆಲವು ವಾರ ಎಲ್ಲರೆದುರು ಗಟ್ಟಿಯಾಗಿ ಓದಿಸುವುದು ಬೇಡ, ಬಾಯಿಮಾತಿನ ಉತ್ತರ ಕನ್ನಡದಲ್ಲಿ ಬಂದರೂ ಒಪ್ಪಿಕೊಳ್ಳಲಿ. ಇಡೀ ದಿನ ಆಗದಿದ್ದರೆ ಮೊದಲ ವಾರ ಮಧ್ಯಾಹ್ನದವರೆಗೆ ಕೂರಲು ಅನುಮತಿ ಪಡೆಯಿರಿ.

ಕಾರಣ ಹೊಡೆತವೋ ಹೀಯಾಳಿಕೆಯೋ ಆಗಿದ್ದರೆ ಸುಮ್ಮನಿರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮುಖ್ಯಶಿಕ್ಷಕರಿಗೆ ಬರೆದು ಕೊಡಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ತೂಕ ಇಳಿಕೆ, ಮಲದಲ್ಲಿ ರಕ್ತ ಕಂಡರೆ ಮತ್ತೆ ಡಾಕ್ಟರ ಬಳಿ ಹೋಗಿ. ಎರಡು–ಮೂರು ವಾರದಲ್ಲಿ ಹಗುರಾಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತೇನಾದರೂ ಬಂದರೆ ಒಂದು ದಿನವೂ ಕಾಯಬೇಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅತ್ತೆಯವರನ್ನೂ ಜೊತೆಗೆ ಸೇರಿಸಿಕೊಳ್ಳಿ. ನಾಳೆ ಬೆಳಿಗ್ಗೆ ಒಂದು ಲೋಟ ಬಿಸಿ ಜೀರಿಗೆ ಕಷಾಯ ಕೊಟ್ಟು, ಮೊಮ್ಮಗಳ ಕೈ ಹಿಡಿದು ವ್ಯಾನ್‌ವರೆಗೆ ಅವರೇ ನಡೆಯಲಿ.